ಮೂರನೇ ರಿಪೇರಿ

"ಮೂರನೇ ಸಲ ತಂದಿದ್ದೀನಿ. ಈಗಲೂ ಮೊದಲನೇ ತೋಟಾನೇ ಅರ್ಧಕ್ಕೆ ಸಿಕ್ಕಿಕೊಳ್ಳುತ್ತೆ. ಏನಯ್ಯಾ, ನಿನ್ನ ಕೈಗುಣ ಮುಗೀತೋ ಹೇಗೆ?" ಎನ್ನುತ್ತಾ ಬಂದೂಕು ರಿಪೇರಿಯವನ ಅಕ್ಕನ ಗಂಡ, ಗೋದಾಮಿನಲ್ಲೇ ಮನೆ ಮಾಡಿಕೊಂಡು ರಾತ್ರಿ ಇಲಿ ಹೊಡೆಯುವ ಕಾವಲುಗಾರ, ರೈಫಲನ್ನು ಮೇಜಿನ ಮೇಲಿಟ್ಟರು. ಕಾಯುತ್ತಿದ್ದ ಇಬ್ಬರು ಗಿರಾಕಿಗಳು ಮುಸಿಮುಸಿ ನಕ್ಕರು. ರಿಪೇರಿಯವನು ಮೂವತ್ತು ವರ್ಷ ದುಡಿದು ಗಳಿಸಿದ ಹೆಸರು ಅವನ ಕಣ್ಣೆದುರೇ ಮಣ್ಣುಪಾಲಾಗುತ್ತಿತ್ತು.

ಮ್ಯಾಗಜೀನು, ಸ್ಪ್ರಿಂಗು, ಎಲ್ಲ ಸರಿಯಾಗಿಯೇ ಇದ್ದವು. ಅವನು ಮದ್ದಿಲ್ಲದ ತೋಟಾ ತುಂಬಿ, "ನೀವೇ ಒಮ್ಮೆ ಎಳೆದು ತೋರಿಸಿ, ಭಾವ" ಎಂದ. ಭಾವ ಬೋಲ್ಟನ್ನು ಹಿಂದಕ್ಕೆ ಎಳೆದರು. ಕೈಬಿಟ್ಟರೆ ಅದು ತಾನಾಗಿ ಫಟ್ಟೆಂದು ಮುಂದೆ ಹೋಗಿ ತೋಟಾವನ್ನು ನಳಿಗೆಗೆ ತಳ್ಳಬೇಕು. ಅವರು ಕೈಬಿಡಲಿಲ್ಲ. ಮಲಗಿದವರ ಕೋಣೆಯ ಬಾಗಿಲು ಮುಚ್ಚುವ ಹಾಗೆ, ಬೆರಳಲ್ಲಿ ಹಿಡಿದುಕೊಂಡೇ ಮೆಲ್ಲಗೆ ಮುಂದಕ್ಕೆ ಸರಿಸಿದರು. ತೋಟಾ ಅರ್ಧದಲ್ಲೇ ನಿಂತಿತು.

"ಅದ್ಯಾಕೆ ಹಿಡಿದುಕೊಂಡು ಬಿಡ್ತೀರಿ?"

"ಜೋರಾಗಿ ಬಿಟ್ಟರೆ ನಿಮ್ಮಕ್ಕನಿಗೆ ಎಚ್ಚರ ಆಗುತ್ತಲ್ಲಪ್ಪ. ಮೊದಲೇ ಆ ನೋವಲ್ಲಿ ಅವಳಿಗೆ ನಿದ್ದೆ ಹತ್ತಲ್ಲ" ಎಂದರು ಭಾವ. ಅಕ್ಕ ತೀರಿಕೊಂಡು ಎರಡು ತಿಂಗಳಾಗಿತ್ತು. ಭಾವನ ಬೆರಳು ಬೋಲ್ಟಿನ ಮೇಲೆ ಹಾಗೇ ಉಳಿಯಿತು.

ರಿಪೇರಿಯವನು ಆ ಬೆರಳನ್ನು ಮೆಲ್ಲಗೆ ಬಿಡಿಸಿ ರೈಫಲನ್ನು ತನ್ನತ್ತ ಎಳೆದುಕೊಂಡ. ಆಮೇಲೆ ಗಿರಾಕಿಗಳಿಗೂ ಕೇಳಲಿ ಎಂಬಂತೆ ದನಿ ಎತ್ತಿ ಹೇಳಿದ: "ತಪ್ಪು ನನ್ನದೇ, ಭಾವ. ನನ್ನ ಕೆಲಸವೇ ಸರಿಯಾಗಿಲ್ಲ. ರೈಫಲ್ ಇಲ್ಲೇ ಬಿಟ್ಟು ಹೋಗಿ."