ಕೊನೇ ಮನೆಯ ನಲ್ಲಿ

ಮೂರು ದಿನ ದಿಬ್ಬದ ಕಾಲೋನಿಯ ಹದಿನಾಲ್ಕು ಮನೆಗಳಿಗೆ ನೀರು ಬಿಡಲಿಲ್ಲ. ಅಷ್ಟೂ ನೀರು ಪಂಚಾಯ್ತಿ ಮೆಂಬರ್ ಸುಧೀಂದ್ರನ ಹೋಂಸ್ಟೇಗೆ ಹೋಯಿತು. ಅವನ ಮಾತಿಗೆ ವಾಲ್ವ್ ತಿರುಗಿಸಿದ್ದು ಊರಿಗೆ ನೀರು ಬಿಡುವ ನೀರುಗಂಟಿ ಶೇಷಪ್ಪನೇ.

ನಾಲ್ಕನೇ ದಿನ ಬೆಳಿಗ್ಗೆ ಅವನು ಯಾರನ್ನೂ ಕೇಳದೆ ಕಾಲೋನಿಯ ವಾಲ್ವ್ ತೆರೆದು, ಮಣ್ಣಿನಲ್ಲಿ ಮಂಡಿಯೂರಿ ಪೈಪಿಗೆ ಕಿವಿಯಿಟ್ಟ. ನೀರು ಎಲ್ಲಿಯವರೆಗೆ ಏರಿತೆಂದು ಅವನು ತಿಳಿಯುತ್ತಿದ್ದುದು ಹಾಗೆಯೇ. ಮೊದಲು ಗಾಳಿ ಸುಂಯ್ ಎಂದಿತು, ಆಮೇಲೆ ನೀರು ಗುಡುಗುಡು ಹತ್ತಿತು. ದಿಬ್ಬದ ಮೇಲಿಂದ ಕಾಲೋನಿಯ ವನಜಮ್ಮ ಕೂಗಿದಳು: "ಬದುಕಿದೀಯಾ ಮಾರಾಯ! ನಿನ್ನ ತಿಥಿಗಾದ್ರೂ ನೀರು ಬಿಡ್ತಾರೇನೋ ಅಂತ ಕಾಯ್ತಿದ್ವಿ!" ನಗು, ಕೊಡಗಳ ಸದ್ದು. ಹನ್ನೊಂದು ವರ್ಷ ವಾಲ್ವ್ ತಿರುಗಿಸುವುದೇ ತನ್ನ ಕೆಲಸ ಎಂದುಕೊಂಡಿದ್ದವನಿಗೆ, ನಿಜವಾದ ಕೆಲಸ ಆ ಕೊಡಗಳನ್ನು ತುಂಬಿಸುವುದು ಎಂದು ಹೊಳೆದು ಮುಖ ಬಿಸಿಯಾಯಿತು.

ಅಷ್ಟರಲ್ಲಿ ಸುಧೀಂದ್ರನ ಬೈಕು ಬಂದು ನಿಂತಿತು. "ಎಂತ ಮಾಡ್ತಿದೀಯೋ? ಶೃಂಗೇರಿಗೆ ಹೊರಟ ಗೆಸ್ಟುಗಳು ಸ್ನಾನಕ್ಕೆ ಕಾಯ್ತಿದಾರೆ. ಬಂದ್ ಮಾಡು. ಇಲ್ಲಾಂದ್ರೆ ನಾಳೆಯಿಂದ ಬೇರೆಯವನು ಬರ್ತಾನೆ, ನೋಡು."

ಶೇಷಪ್ಪ ಮೇಲೇಳಲಿಲ್ಲ.

"ನಾಳೆ ಬರೋನಿಗೆ ಹೇಳಿ ಸುಧೀಂದ್ರಣ್ಣ. ಇವತ್ತಿನ ನೀರುಗಂಟಿ ನಾನು. ಕೊನೇ ಮನೆಗೆ ಇನ್ನೂ ನೀರು ಹತ್ತಿಲ್ಲ. ನಾನು ಬಂದ್ ಮಾಡಲ್ಲ."