ಖಾಕಿ ಜೇಬಿನ ಬೆಲ್ಲ

ಆಫೀಸಿಗೆ ಹೋಗುವ ದಾರಿಯಲ್ಲಿ ಆಲೆಮನೆಯ ಹೊಗೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಸ್ಕೂಟರ್ ತಾನಾಗಿ ನಿಧಾನವಾಗುತ್ತದೆ.

ಕೊಪ್ಪದಲ್ಲಿ ಅವ್ವನ ಅಣ್ಣನ ಆಲೆಮನೆ ಇತ್ತು. ನನ್ನ ಬಾಲ್ಯದಲ್ಲಿ ಒಮ್ಮೆ ನಾವೆಲ್ಲ ಅಲ್ಲಿಗೆ ಹೋಗಿದ್ದ ಮಧ್ಯಾಹ್ನ ಪಾಕ ನೋಡುವ ಆಳು ಬಂದಿರಲಿಲ್ಲ. ಸಕ್ಕರೆ ಫ್ಯಾಕ್ಟರಿಯಲ್ಲಿ ಕಬ್ಬಿನ ಲಾರಿ ತೂಗಿ ಚೀಟಿ ಬರೆಯುತ್ತಿದ್ದ ಅಪ್ಪ, ಪಾಳಿಗೆ ಹೊರಟಿದ್ದವನು, ಖಾಕಿ ಅಂಗಿಯ ತೋಳು ಮಡಚಿ ಕೊಪ್ಪರಿಗೆಯ ಮುಂದೆ ನಿಂತ. ಕುದಿಯುವ ಪಾಕವನ್ನು ಚೂರು ತೆಗೆದು ತಣ್ಣೀರಿಗೆ ಬಿಟ್ಟು, ಬೆರಳಲ್ಲೇ ಉಂಡೆ ಕಟ್ಟಿ ತಟ್ಟೆಗೆ ಎಸೆದ. ಟಣ್ ಎಂದಿತು.

"ಇಳುಸ್ರಲಾ, ಪಾಕ ಬಂತು!"

ಮನೆಯಲ್ಲಿ ಅಪ್ಪ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಅಚ್ಚಿನಿಂದ ಬಿಡಿಸಿದ ಬೆಲ್ಲ ಹೊಂಬಣ್ಣಕ್ಕಿತ್ತು. ಮಾವ ಅದನ್ನು ಸವರಿ ನೋಡಿ, "ಬಾವ, ಆ ಚೀಟಿ ಬರ್ಯೋ ಕೆಲ್ಸ ಬುಟ್ಬುಡಿ. ಇಬ್ರೂ ಸೇರ್ಕಂಡು ಇದ್ನೇ ನಡ್ಸವ" ಎಂದರು.

ಅಪ್ಪ ಅವ್ವನ ಮುಖ ನೋಡಿದ.

"ಸುಮ್ಕಿರಣ್ಣ. ಫ್ಯಾಕ್ಟ್ರಿ ಕೆಲ್ಸ ಐತೆ ಅಂತ್ಲೇ ಅಲ್ವಾ ನೀವು ನನ್ನ ಕೊಟ್ಟಿದ್ದು?" ಎಂದಳು ಅವ್ವ, ನನ್ನ ಬಾಯಿಗೆ ಬಿಸಿ ಬೆಲ್ಲ ಇಡುತ್ತಾ.

ಅಪ್ಪ ಕೈ ತೊಳೆದ. ಮಡಚಿದ ತೋಳು ಇಳಿಸಿ ಗುಂಡಿ ಹಾಕಿಕೊಂಡ. "ಪಾಳಿಗೆ ಒತ್ತಾಯ್ತು, ಬತ್ತೀನಿ" ಎಂದು ಸೈಕಲ್ ಹತ್ತಿದ.

ಮಾರನೆ ದಿನ ಅವ್ವ ಒಗೆಯಲು ತೆಗೆದಾಗ ಖಾಕಿ ಅಂಗಿಯ ಜೇಬಿನ ತುಂಬ ಇರುವೆ. ಒಳಗೆ ಆ ಪಾಕದ ಉಂಡೆ ಇತ್ತು. ಬೈಯುತ್ತಾಳೆ ಅಂದುಕೊಂಡೆ. ಅವಳು ಇರುವೆಗಳನ್ನು ಊದಿ ಓಡಿಸಿ, ಉಂಡೆಯನ್ನು ಕಾಗದದಲ್ಲಿ ಸುತ್ತಿಟ್ಟಳು. ಅಂಗಿ ಒಣಗಿದ ಮೇಲೆ ಅದನ್ನು ಮತ್ತೆ ಅದೇ ಜೇಬಿಗೆ ಹಾಕಿದಳು.