ರಾಕ್ಷಸನ ಕೆಮ್ಮು

ರಂಗದ ಮೇಲೆ ಕಲ್ಲಿದ್ದಲು ರಾಕ್ಷಸ ಸೊಂಟ ಹಿಡಿದು ಗೂರಿ ಗೂರಿ ಕೆಮ್ಮಿದಾಗ ಸಭಾಂಗಣವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಮುಖಕ್ಕೆ ಮಸಿ ಬಳಿದುಕೊಂಡಿದ್ದ ನಟ ಒಳಗೊಳಗೇ ಬೀಗಿದ. ಆಮೇಲೆ ಮೊದಲ ಸಾಲಿನಲ್ಲಿ ಅಪ್ಪ ಕಂಡರು. ಬರುತ್ತೇನೆಂದು ಹೇಳಿರಲಿಲ್ಲ.

ಅಪ್ಪ ಜೀವಮಾನವಿಡೀ ವಿದ್ಯುತ್ ಸ್ಥಾವರದ ಕುಲುಮೆಗೆ ಕಲ್ಲಿದ್ದಲು ತುಂಬಿದವರು. ಆ ಕೆಮ್ಮು ಅವರದೇ. ಸೊಂಟದ ಮೇಲಿನ ಕೈ, ಕೊನೆಗೆ ಸೀಟಿಯಂಥ ಉಸಿರು, ಎಲ್ಲವನ್ನೂ ಮಗ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಚಾಚೂ ತಪ್ಪದೆ ಕಲಿತಿದ್ದ. ಈಗ ಅಪ್ಪ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದರು. ಮಗನ ಆಟ ಕೆಡಬಾರದಲ್ಲ. ಭುಜಗಳು ಅದುರುತ್ತಿದ್ದವು, ಸದ್ದು ಮಾತ್ರ ಇಲ್ಲ. ಮಸಿಯ ಅಡಿಯಲ್ಲಿ ಮಗನ ಮುಖ ಕಾದ ಹೆಂಚಾಯಿತು.

"ಈ ಸಲ ಇನ್ನೂ ಜೋರಾಗಿ ಕೆಮ್ಮು," ಸೂರ್ಯನ ವೇಷದವಳು ಬೆನ್ನ ಹಿಂದೆ ಪಿಸುಗುಟ್ಟಿದಳು. "ಜನ ನಮ್ಮ ಕಡೆ ವಾಲ್ತಿದ್ದಾರೆ. ನಾಟಕ ಮುಗಿದ ಕೂಡಲೇ ಸೌರ ವಿದ್ಯುತ್ ಘಟಕ ಬೇಕು ಅಂತ ಎಲ್ಲರ ಕೈ ಎತ್ತಿಸಿಬಿಡೋಣ."

ಅವಳು ಕಿರಣದ ಕೋಲು ಚಾಚಿದಳು. ರಾಕ್ಷಸ ಕೆಮ್ಮಿ ಕೆಮ್ಮಿ ಬೀಳಬೇಕಾದ ಜಾಗ ಅದು. ಅವನು ಸೊಂಟಕ್ಕೆ ಕೈಯಿಟ್ಟು ಬಾಗಿದ, ಆದರೆ ಕೆಮ್ಮದೆ ಅಪ್ಪನ ಕರವಸ್ತ್ರವನ್ನೇ ನೋಡುತ್ತ ನಿಂತ. ಸಭೆ ಕಾಯಿತು. ಹಿಂದಿನಿಂದ ಗುಸುಗುಸು ಎದ್ದಿತು.

ಮಗ ಮರೆತನೆಂದೇ ಅಪ್ಪ ಗಾಬರಿಯಾದರು. ಕರವಸ್ತ್ರ ತೆಗೆದು, ಮುಂದಕ್ಕೆ ಬಾಗಿ, "ಇಲ್ಲಿ ಕೆಮ್ಮಬೇಕು ಕಣೋ," ಎಂದರು ಮೆಲ್ಲಗೆ. ಅವನು ಅಲುಗಾಡದಿದ್ದಾಗ ತಾವೇ ಸೊಂಟ ಹಿಡಿದು ಕೆಮ್ಮಿ ತೋರಿಸಿದರು. ಸಭಾಂಗಣ ಮತ್ತೆ ಬಿದ್ದು ಬಿದ್ದು ನಕ್ಕಿತು. ಕೆಮ್ಮು ಸೀಟಿಯವರೆಗೂ ಹೋಯಿತು, ಆಮೇಲೂ ನಿಲ್ಲಲಿಲ್ಲ. ಚಪ್ಪಾಳೆಯೂ ನಿಲ್ಲಲಿಲ್ಲ.